ಹದಿನೆಂಟು ದಿನದ ಹೆಪ್ಪು

ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಉಪ್ಪು ಹಾಕಿ, ಮೇಲೆ ಉದುರಿಸಲು ವನಜಾಕ್ಷಿ ಸಣ್ಣ ಈರುಳ್ಳಿ ಹೆಚ್ಚುತ್ತಿದ್ದಳು. ಎಂಟೂವರೆಯ ಬಸ್ಸು ಹಿಡಿಯಬೇಕಿತ್ತು. ಅರ್ಧ ಈರುಳ್ಳಿ ಕೈಯಲ್ಲೇ ಇದ್ದಾಗ ಬಾಗಿಲಲ್ಲಿ ಅಂಗನವಾಡಿಯ ಜವರಮ್ಮನ ದನಿ ಕೇಳಿತು.

"ವನಜಾ, ಇದ್ದೀಯೇನವ್ವಾ? ಒಂದು ಸೈನ್ ಬೇಕಾಗಿತ್ತು ಕಣೆ. ನಿಮ್ಮತ್ತೇದೂ ಬೇಕು."

ಜವರಮ್ಮ ಸಾಮಾನ್ಯವಾಗಿ ಹೊಸಿಲು ದಾಟುವ ಮೊದಲೇ ಕಾಫಿ ಕೇಳುವವಳು. ಇವತ್ತು ಜಗಲಿಯ ಮೇಲೆ ನಿಂತುಕೊಂಡೇ ಒಂದು ಹಾಳೆ ಚಾಚಿದಳು. ಮುಖ ಬೇರೆ ಕಡೆಗಿತ್ತು.

"ಇದು ನಾನ್ ಬರ್ದಿದ್ದಲ್ಲ ಕಣವ್ವ, ಮೊದ್ಲೇ ಹೇಳ್ಬುಡ್ತೀನಿ."

ವನಜ ಕೈ ಒರೆಸಿಕೊಂಡು ಓದಿದಳು. ತಾಲ್ಲೂಕಿನ ಮಕ್ಕಳಲ್ಲಿ ಹರಡಿರುವ ಬಾಯಿಯ ಶಿಲೀಂಧ್ರ ಸೋಂಕಿಗೆ ಮನೆಗಳ ಕೊಳಕು ಪಾತ್ರೆ ಮತ್ತು ತಾಯಂದಿರ ನಿರ್ಲಕ್ಷ್ಯವೇ ಕಾರಣವೆಂದು ಕಂಡುಬಂದಿದೆ. ಇನ್ನು ಮುಂದೆ ಪಾತ್ರೆಗಳನ್ನು ಶುಚಿಯಾಗಿ ಇಟ್ಟುಕೊಳ್ಳುತ್ತೇವೆಂದು ಪ್ರತಿ ಮನೆಯವರೂ ಒಪ್ಪಿ ಸಹಿ ಮಾಡತಕ್ಕದ್ದು. ಸಹಿ ಮಾಡದ ಮನೆಗೆ ಪುಷ್ಟಿ ಹೆಪ್ಪಿನ ಪ್ಯಾಕೆಟ್ ಇಲ್ಲ. ಶುಕ್ರವಾರ ತಾಲ್ಲೂಕು ಸಭಾಂಗಣದಲ್ಲಿ ಎಲ್ಲ ಹಾಳೆಗಳನ್ನೂ ಆರೋಗ್ಯಾಧಿಕಾರಿಗಳಿಗೆ ಒಪ್ಪಿಸಲಾಗುವುದು.

"ಏನಂತೆ?" ಎನ್ನುತ್ತ ಅತ್ತೆ ಹೊಂಬಾಳಮ್ಮ ಬಚ್ಚಲಮನೆಯಿಂದ ಬಂದರು. ವನಜ ಓದಿ ಹೇಳಿದಳು. ಸುತ್ತಿ ಬಳಸಿ ಹೇಳಲು ನೋಡಿದಳು, ಆಗಲಿಲ್ಲ. ಕೊಳಕು ಪಾತ್ರೆ ಅನ್ನುವ ಮಾತನ್ನು ಎಷ್ಟು ಸುತ್ತಿದರೂ ಅದು ಕೊಳಕು ಪಾತ್ರೆಯೇ.

ಹೊಂಬಾಳಮ್ಮ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ ಪಾತ್ರೆಯನ್ನು ಬಿಸಿಲಿಗೆ ಹಿಡಿದು ನೋಡಿ, ಒಂದು ಚುಕ್ಕೆ ಕಂಡರೆ ಮತ್ತೆ ತಿಕ್ಕುವ ಹೆಂಗಸು. ಅವರು ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಹಾಳೆಯನ್ನು ಗೋಡೆಗೊತ್ತಿ ಹಿಡಿದು, ತಮಗೆ ಬರುತ್ತಿದ್ದ ನಾಲ್ಕು ಅಕ್ಷರದ ಹೆಸರನ್ನು ಬಿಡಿಸಿ ಬಿಡಿಸಿ ಬರೆದರು.

"ಅತ್ತೆ, ಸೈನ್ ಮಾಡಿದ್ರೆ ತಪ್ಪು ನಮ್ಮದು ಅಂತ ಒಪ್ಕೊಂಡಂಗೆ."

"ಕೂಸಿಗೆ ಪುಡಿ ಬೇಕಲ್ಲ. ಇನ್ನೇನ್ ನುಂಗ್ತದೆ ಅದು?"

ಕೂಸು ಅಂದರೆ ವನಜಳ ಮಗಳು ಲಾಸ್ಯ. ಐದು ತುಂಬಿ ಆರಕ್ಕೆ ಬಿದ್ದ ಹುಡುಗಿ. ಗೋಡೆಗೊರಗಿ ಕಾಲು ಚಾಚಿ ಕೂತು ಮೂವರನ್ನೂ ನೋಡುತ್ತಿದ್ದಳು. ಅವಳು ಮಾತಾಡಿ ಹನ್ನೊಂದು ದಿನವಾಗಿತ್ತು. ಮೊದಲು ನಾಲಿಗೆಯ ಮೇಲೆ ಮೊಸರು ಅಂಟಿಕೊಂಡ ಹಾಗೆ ಬಿಳಿ ಚುಕ್ಕೆಗಳು. ಆಮೇಲೆ ಕೆನ್ನೆಯ ಒಳಗೆ, ಅಂಗುಳಕ್ಕೆ. ಒರೆಸಿದರೆ ಬಿಳಿ ಬರುತ್ತಿತ್ತು, ಅದರ ಕೆಳಗೆ ಹಸಿ ಕೆಂಪು, ಅದರಿಂದ ರಕ್ತ. ಊರಿನಲ್ಲಿ ಅದಕ್ಕೆ ಬಿಳಿಬಾಯಿ ಅಂತ ಹೆಸರಾಗಿತ್ತು. ಕಾಳೇನಕೊಪ್ಪಲು ಒಂದರಲ್ಲೇ ಹತ್ತು ಮಕ್ಕಳು. ಔಷಧಿಯ ಹನಿ ಹಾಕಿದರೆ ಎರಡು ದಿನ ಕಡಿಮೆ, ಮೂರನೇ ದಿನ ಮತ್ತೆ ಅದೇ. ಈಗ ಅದು ಗಂಟಲಿಗೆ ಇಳಿಯುತ್ತಿತ್ತು. ಇಳಿದರೆ ನಳಿಕೆ ಹಾಕಿ ಆಹಾರ ಕೊಡಬೇಕಾಗಬಹುದು ಎಂದಿದ್ದರು ಡಾಕ್ಟರು. ಪಕ್ಕದ ಬೀದಿಯ ಒಂದು ಗಂಡುಮಗು ಆಗಲೇ ಆ ಸ್ಥಿತಿಗೆ ಹೋಗಿತ್ತು.

ಮುದ್ದೆ ನುಂಗಲಾಗದು, ಅನ್ನ ಚುಚ್ಚುತ್ತದೆ, ಹಾಲು ಉರಿ. ತಣ್ಣಗೆ, ನುಣ್ಣಗೆ ಒಳಗೆ ಇಳಿಯುತ್ತಿದ್ದದ್ದು ಅಂಬಲಿ ಒಂದೇ. ಅದಕ್ಕೇ ವನಜ ದಿನಕ್ಕೆ ಮೂರು ಸಲ ಅಂಬಲಿ ಕುಡಿಸುತ್ತಿದ್ದಳು. ತೊಡೆಯ ಮೇಲೆ ಮಲಗಿಸಿಕೊಂಡು, ಚಮಚದಲ್ಲಿ ತುಟಿಗೆ ಮುಟ್ಟಿಸಿ, "ಇನ್ನೊಂದು ಗುಟುಕು ನನ್ನ ಬಂಗಾರಿ, ಇದೊಂದು" ಎಂದು.

ವನಜ ಹಾಳೆಯನ್ನು ಇನ್ನೊಮ್ಮೆ ನೋಡಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. 'ಮನೆಗಳಲ್ಲಿ ಪ್ರತಿದಿನ ಉಳಿದ ಅಂಬಲಿಯನ್ನು ಚೆಲ್ಲಲಾಗುತ್ತಿದೆ ಎಂಬುದು ನಲವತ್ತು ಹಳ್ಳಿಗಳ ಸಮೀಕ್ಷೆಯಿಂದ ಈಗಾಗಲೇ ದೃಢಪಟ್ಟಿರುವುದರಿಂದ ಹೆಪ್ಪಿನಲ್ಲಿ ದೋಷವಿಲ್ಲ.'

ಅವಳು ಆ ಸಾಲನ್ನು ಎರಡು ಸಲ ಓದಿ ಅಡಿಗೆಮನೆಯ ಕಡೆ ತಿರುಗಿದಳು.

ಅಡಿಗೆಮನೆಯಲ್ಲಿ ಹೊಂಬಾಳಮ್ಮ ದಿನದಂತೆ ತಮ್ಮ ಕೆಲಸ ಮಾಡುತ್ತಿದ್ದರು. ಉಳಿದ ಅಂಬಲಿಯಿಂದ ಒಂದು ಸೌಟು ತೆಗೆದು ಪುಟ್ಟ ಮಡಕೆಗೆ ಹಾಕಿ, ತಣ್ಣಗಿದ್ದರೆ ಹುಳಿ ಬರುವುದಿಲ್ಲವೆಂದು ಅದನ್ನು ಒಯ್ದು ಬಚ್ಚಲಿನ ಹಂಡೆ ಒಲೆಯ ಪಕ್ಕದ ಬೆಚ್ಚಗಿನ ಕಲ್ಲಿನ ಮೇಲೆ ಇಟ್ಟರು. ನಾಳೆಯ ಅಂಬಲಿಗೆ ಅದೇ ಹೆಪ್ಪು. ನೆನ್ನೆಯದಕ್ಕೆ ಮೊನ್ನೆಯದು. ಹೊಸ ಪ್ಯಾಕೆಟ್ ಒಡೆದ ದಿನವೂ ಹಳೆಯದರ ಒಂದು ಸೌಟು ಜೊತೆಗೆ ಸೇರಲೇಬೇಕು. ಊರಿನ ಯಾವ ಮನೆಯ ಬಚ್ಚಲಿಗೆ ಹೋಗಿ ನೋಡಿದರೂ ಇದೇ.

ವನಜ ಮಗಳಿಗೆಂದು ತುಂಬಿಸಿಟ್ಟ ಲೋಟವನ್ನು ಎತ್ತಿ ಹಿಂದಕ್ಕಿಟ್ಟಳು.

"ಅತ್ತೆ, ಇವತ್ತಿಂದ ಇವಳಿಗೆ ಅಂಬ್ಲಿ ಬೇಡ. ಎಳನೀರು ಕೊಡಿ. ಗಂಜಿ ಕಾಯಿಸಿ ಆರಿಸಿ ಕೊಡಿ."

ಹೊಂಬಾಳಮ್ಮ ತಿರುಗಿ ನಿಂತರು. "ಯಾಕೆ? ನಿಂಗೂ ನನ್ನ ಪಾತ್ರೆ ಕೊಳಕು ಅನ್ನುಸ್ತಾ?"

"ಅಯ್ಯೋ, ಹಂಗಲ್ಲ ಅತ್ತೆ..."

"ಮತ್ತೆ ಹೆಂಗೆ?"

ಹೇಗೆ ಎಂದು ಹೇಳಲು ಹೋದರೆ ಇನ್ನೊಂದನ್ನೂ ಹೇಳಬೇಕಾಗುತ್ತಿತ್ತು. ವನಜ ಹೇಳಲಿಲ್ಲ. ಜಗಲಿಗೆ ಬಂದು ಜವರಮ್ಮನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು. "ಜವರಕ್ಕ, ಹೆಂಗೂ ಮನೆ ಮನೆ ತಿರುಗ್ತೀಯ. ಬಿಳಿಬಾಯಿ ಬಂದಿರೋ ಅಷ್ಟೂ ಮನೆಯಿಂದ ಒಂದೊಂದು ಚಮಚ ಅಂಬ್ಲಿ ಇಸ್ಕೊಂಡು ಬಾ. ಬೇರೆ ಬೇರೆ ಡಬ್ಬೀಲಿ. ಮುಂದಿನ ಬಸ್ಸಿಗೆ ಹೋಗ್ತೀನಿ."

"ಅಂಬ್ಲಿ ಇಸ್ಕೊಂಡು ಏನ್ ಮಾಡ್ತೀಯೆ?"

"ಮದುವೆ ಮಾಡುಸ್ತೀನಿ. ಹೋಗಕ್ಕ, ಬೇಗ."

*

ಸಕ್ಕರೆ ಕಾರ್ಖಾನೆಯ ಹಿಂಬದಿಯಲ್ಲಿತ್ತು ಹೆಪ್ಪಿನ ಘಟಕ. ಕಬ್ಬು ಅರೆದು ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಕೊಳವೆಯಲ್ಲಿ ಇತ್ತ ಹರಿಸಿ, ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಅದರ ಮೇಲೆ ಯೀಸ್ಟ್ ಬೆಳೆಸುತ್ತಿದ್ದರು. ಒಣಗಿಸಿ ಪುಡಿ ಮಾಡಿ ಪ್ಯಾಕೆಟ್ಟಿಗೆ ತುಂಬಿದರೆ ಅದೇ ಪುಷ್ಟಿ ಹೆಪ್ಪು. ವನಜ ಅಲ್ಲಿನ ಪರೀಕ್ಷಾಕೋಣೆಯಲ್ಲಿ ಏಳು ವರ್ಷದಿಂದ ತಾಂತ್ರಿಕ ಸಹಾಯಕಿ.

ಅದು ಸಾಮಾನ್ಯ ಯೀಸ್ಟ್ ಆಗಿರಲಿಲ್ಲ. ರಾಗಿಯೊಳಗಿನ ಪ್ರೋಟೀನು ಗಟ್ಟಿ ಗಂಟಿನ ಹಾಗೆ. ಮಕ್ಕಳ ಹೊಟ್ಟೆ ಅದನ್ನು ಪೂರ್ತಿ ಬಿಡಿಸಲಾರದು. ಹಾಗಾಗಿ ಪ್ರೋಟೀನನ್ನು ಕತ್ತರಿಸುವ ಒಂದು ಕಿಣ್ವವನ್ನು ಯೀಸ್ಟೇ ತಯಾರಿಸಿ ಹೊರಗೆ ಸುರಿಯುವಂತೆ ಅದರ ವಂಶವಾಹಿಯನ್ನು ತಿದ್ದಿದ್ದರು. ಅಂಬಲಿ ರಾತ್ರಿಯಿಡೀ ಹುಳಿಯುವಾಗ ಕಿಣ್ವ ಕೆಲಸ ಮಾಡುತ್ತದೆ, ಬೆಳಿಗ್ಗೆ ಮಗು ಕುಡಿಯುತ್ತದೆ. ಆದರೆ ಪ್ರೋಟೀನು ಕತ್ತರಿಸುವ ಕತ್ತರಿ ಮಗುವಿನ ಬಾಯಲ್ಲಿ ಆಡಬಾರದಲ್ಲ? ಅದಕ್ಕೊಂದು ಗುಂಡಿ ಇಟ್ಟಿದ್ದರು, ದೀಪದ ಸ್ವಿಚ್ಚಿನ ಹಾಗೆ. ಇಪ್ಪತ್ತೈದು ಡಿಗ್ರಿಯಲ್ಲಿ ಕಿಣ್ವ ಹೊರಡುತ್ತದೆ. ಮೂವತ್ತೇಳಕ್ಕೆ, ಅಂದರೆ ಮೈಯ ಬಿಸಿಗೆ, ನಿಂತುಹೋಗುತ್ತದೆ. ಘಟಕದ ಮುಖ್ಯಸ್ಥ ಡಾಕ್ಟರ್ ಶ್ರೀವತ್ಸ ಈ ಗುಂಡಿಗಾಗಿ ಆರು ವರ್ಷ ಕಳೆದಿದ್ದ.

ಅದು ಸುಳ್ಳು ಸಾಧನೆಯೂ ಅಲ್ಲ. ಹದಿನಾಲ್ಕು ತಿಂಗಳಲ್ಲಿ ಒಂಬೈನೂರು ಹಳ್ಳಿಗಳ ಮಕ್ಕಳ ತೂಕ ಏರಿತ್ತು, ಮೈಯಲ್ಲಿ ರಕ್ತ ಹೆಚ್ಚಿತ್ತು. ಲಾಸ್ಯಳ ಕೆನ್ನೆಯೂ ತುಂಬಿತ್ತು. ಅದನ್ನು ನೆನೆದಷ್ಟೂ ವನಜಳ ಸಿಟ್ಟು ಹೆಚ್ಚುತ್ತಿತ್ತು. ಒಳ್ಳೆಯದನ್ನು ಮಾಡಿದವರಿಗೆ ಅದನ್ನು ಸರಿಯಾಗಿ ಮಾಡುವಷ್ಟು ವ್ಯವಧಾನ ಇರಲಿಲ್ಲವಲ್ಲ!

ಹತ್ತು ಡಬ್ಬಿಗಳನ್ನು ಅವಳು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದರ ಮೇಲೆ ಹೊಂಬಾಳಮ್ಮನ ಹೆಸರು.

ಪರೀಕ್ಷೆ ಸುಲಭದ್ದು. ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ ಗಟ್ಟಿಯಾಗಿಸಿದ ಬಿಳಿಯ ಪ್ಲೇಟುಗಳು. ಅದರ ಮೇಲೆ ಯೀಸ್ಟಿನ ಒಂದು ಚುಕ್ಕೆ ಇಟ್ಟರೆ ಅದು ಬೆಳೆದು ಬಿಂದುವಾಗುತ್ತದೆ. ಕಿಣ್ವ ಹೊರಬಂದರೆ ಹಾಲಿನ ಪ್ರೋಟೀನು ಕರಗಿ ಆ ಬಿಂದುವಿನ ಸುತ್ತ ಗಾಜಿನಂಥ ತಿಳಿಯಾದ ಬಳೆ ಮೂಡುತ್ತದೆ. ಬಾರದಿದ್ದರೆ ಬಿಳಿ ಬಿಳಿಯಾಗಿಯೇ ಉಳಿಯುತ್ತದೆ. ಪ್ರತಿ ಡಬ್ಬಿಯಿಂದ ಎರಡೆರಡು ಪ್ಲೇಟು ಮಾಡಿ ಒಂದನ್ನು ಇಪ್ಪತ್ತೈದಕ್ಕೂ ಇನ್ನೊಂದನ್ನು ಮೂವತ್ತೇಳಕ್ಕೂ ಇಟ್ಟಳು. ಜೊತೆಗೆ ಘಟಕದ ಫ್ರೀಜರಿನ ಮೂಲ ತಳಿಯದೂ ಎರಡು.

ಇಷ್ಟು ವರ್ಷವೂ ಅವಳು ಮೂವತ್ತೇಳರ ಪರೀಕ್ಷೆ ಮಾಡಿ ಸಹಿ ಹಾಕಿದ್ದಳು. ಪ್ರತಿ ತಿಂಗಳೂ ಫ್ರೀಜರಿನ ತಳಿಯನ್ನೇ ತೆಗೆದು, ಫ್ರೀಜರಿನ ತಳಿಯನ್ನೇ ನೋಡಿ. ಹಂಡೆ ಒಲೆಯ ಪಕ್ಕದ ಮಡಕೆಯನ್ನು ಯಾರೂ ನೋಡಿರಲಿಲ್ಲ.

ಗುರುವಾರ ಮಧ್ಯಾಹ್ನ ಅವಳು ಪ್ಲೇಟುಗಳನ್ನು ಬೆಚ್ಚಗಿಟ್ಟಿದ್ದ ಪೆಟ್ಟಿಗೆಯ ಬಾಗಿಲು ತೆಗೆದಳು. ಫ್ರೀಜರಿನ ತಳಿ ಹೇಳಿದ ಮಾತು ಕೇಳಿತ್ತು, ಮೂವತ್ತೇಳರಲ್ಲಿ ಬಿಳಿಯ ಪ್ಲೇಟು ಬಿಳಿಯಾಗಿಯೇ ಇತ್ತು. ಊರಿನ ಹತ್ತು ಪ್ಲೇಟುಗಳಲ್ಲಿ ಬಳೆಗಳೋ ಬಳೆಗಳು. ಕೆಲವು ಒಂದಕ್ಕೊಂದು ಕೂಡಿಕೊಂಡು ಪ್ಲೇಟಿನ ಹಾಲೇ ಮಾಯವಾಗಿತ್ತು.

ಅವಳು ಸ್ಟೂಲು ಎಳೆದುಕೊಂಡು ಕೂತಳು.

ಪ್ರತಿ ರಾತ್ರಿ ಬೆಚ್ಚಗಿನ ಕಲ್ಲಿನ ಮೇಲೆ ಮಡಕೆ. ಆ ಬಿಸಿಗೆ ಸರಿಯಾದ ಯೀಸ್ಟು ತನ್ನ ಕಿಣ್ವ ನಿಲ್ಲಿಸಿ ಅರೆಹೊಟ್ಟೆಯಲ್ಲಿ ಇರುತ್ತದೆ. ಕೋಟಿಗೊಂದು, ಗುಂಡಿ ಕೆಟ್ಟದ್ದು, ಬಿಸಿಯಲ್ಲೂ ಕಿಣ್ವ ಸುರಿಸಿ ರಾಗಿಯನ್ನು ಬಾಚಿ ತಿನ್ನುತ್ತದೆ, ಮರಿ ಹಾಕುತ್ತದೆ. ಬೆಳಿಗ್ಗೆ ಒಂದು ಸೌಟು ಎತ್ತಿಟ್ಟರೆ ಅದರಲ್ಲಿ ಕೆಟ್ಟದ್ದರ ಪಾಲು ಸ್ವಲ್ಪ ಹೆಚ್ಚು. ಮರುದಿನ ಇನ್ನೂ ಸ್ವಲ್ಪ. ನಾನೂರು ರಾತ್ರಿ ಹೀಗೆ. ಕಡೆಗೆ ಮಡಕೆಯಲ್ಲಿ ಉಳಿದದ್ದೆಲ್ಲ ಗುಂಡಿ ಕೆಟ್ಟದ್ದೇ.

ಅದು ಮಗುವಿನ ಬಾಯಿಗೆ ಹೋದರೆ? ಎಂಜಲಿನ ಲೋಳೆ ಬಾಯಿಯ ಬೇಲಿ. ರೋಗ ತಡೆಯುವ ಪ್ರೋಟೀನುಗಳು ಅದರ ಕಾವಲು. ಕಿಣ್ವ ಎರಡನ್ನೂ ಕತ್ತರಿಸುತ್ತದೆ. ಕೆನ್ನೆಯ ಒಳಚರ್ಮದ ಕೋಶಗಳನ್ನು ಒಂದಕ್ಕೊಂದು ಹೊಲಿದಿರುವ ದಾರವನ್ನೂ ಬಿಚ್ಚುತ್ತದೆ. ಆಗ ಕ್ಯಾಂಡಿಡಾ ಎನ್ನುವ ಇನ್ನೊಂದು ಯೀಸ್ಟು ಎಚ್ಚರಾಗುತ್ತದೆ. ಅದು ಎಷ್ಟೋ ಜನರ ಬಾಯಲ್ಲಿ ತೆಪ್ಪಗೆ ಮೂಲೆಯಲ್ಲಿ ಬಿದ್ದಿರುವಂಥದ್ದು. ಅದರ ಬಳಿಯೂ ಇಂಥದೇ ಕತ್ತರಿಗಳಿವೆ. ಬೇಲಿ ಗಟ್ಟಿಯಿರುವ ತನಕ ಅವುಗಳ ಆಟ ನಡೆಯುವುದಿಲ್ಲ. ಬೇಲಿ ಬಿತ್ತೆಂದರೆ ದುಂಡಗಿದ್ದದ್ದು ಎಳೆ ಬಿಡುತ್ತದೆ. ಎಳೆಯ ತುದಿಯಲ್ಲಿ ತನ್ನದೇ ಕಿಣ್ವ ಸುರಿಸುತ್ತ ಚರ್ಮದೊಳಗೆ ಇಳಿಯುತ್ತದೆ. ಔಷಧಿಯ ಹನಿ ಆ ಎಳೆಗಳನ್ನು ಕೊಂದರೆ ತಾಯಿ ಇನ್ನೊಂದು ಲೋಟ ಅಂಬಲಿ ಕೊಟ್ಟು ಮತ್ತೆ ಬೇಲಿ ಬೀಳಿಸುತ್ತಾಳೆ.

ದಿನಕ್ಕೆ ಮೂರು ಸಲ. ನನ್ನ ಬಂಗಾರಿ, ಇನ್ನೊಂದು ಗುಟುಕು.

ಅವಳಿಗೆ ಅಳು ಬರಲಿಲ್ಲ. ಕೈಗೆ ಸಿಕ್ಕಿದ್ದನ್ನು ಗೋಡೆಗೆ ಬೀಸಿ ಒಡೆಯಬೇಕು ಅನ್ನಿಸಿತು. ಕೈಗೆ ಸಿಕ್ಕಿದ್ದು ಪ್ಲೇಟುಗಳು. ಅವನ್ನು ಒಡೆಯುವಂತಿರಲಿಲ್ಲ. ತಟ್ಟೆಯಲ್ಲಿ ಜೋಡಿಸಿಕೊಂಡು ಶ್ರೀವತ್ಸನ ಕೋಣೆಗೆ ಹೋದಳು.

ಶ್ರೀವತ್ಸ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ನಾಲ್ಕನೆಯದರ ಹೊತ್ತಿಗೆ ಅವನ ಮುಖ ಬಿಳಿಚಿಕೊಂಡಿತು. ಅವನಿಗೆ ಅರ್ಥವಾಗಿದೆ ಎಂದು ವನಜಳಿಗೆ ಗೊತ್ತಾಯಿತು. ಆದರೂ ಅವನು ಹೇಳಿದ್ದು ಬೇರೆ.

"ಮನೆಯ ಬೂಷ್ಟು ಸೇರಿರುತ್ತೆ, ವನಜಾಕ್ಷಿ ಅವರೇ. ಮನೆಗಳಿಂದ ತಂದ ಮಾದರಿ ಅಂದ್ರೆ ಹೀಗೇ."

"ಸರ್, ಬಿಂದುಗಳ ಬಣ್ಣ ನೋಡಿ. ಗುಲಾಬಿ. ನಮ್ಮ ಯೀಸ್ಟಿನ ಗುರುತಿಗೆ ಅಂತ ನೀವೇ ಹಾಕಿಸಿದ ಬಣ್ಣ ಅದು. ಮನೆಯ ಬೂಷ್ಟಿಗೆ ಯಾರು ಹಾಕುಸ್ತಾರೆ?"

ಅವನು ಕನ್ನಡಕ ತೆಗೆದು ಒರೆಸಿದ. "ಹಳೆಯದನ್ನೇ ಮತ್ತೆ ಮತ್ತೆ ಬಳಸಿದ್ದಾರೆ. ಪ್ಯಾಕೆಟ್ ಹಿಂದೆ ಸ್ಪಷ್ಟವಾಗಿ ಬರೆದಿದೆ, ಉಳಿದದ್ದನ್ನು ಚೆಲ್ಲಿ ಅಂತ. ಜನ ಓದಲ್ಲ. ಅದಕ್ಕೆ ನಾನೇನು ಮಾಡಲಿ?"

"ನಾಳೆ ಸಭೇಲಿ ಇದನ್ನ ಹೇಳಬೇಕು ಸರ್."

"ಹೇಳಿದ್ರೆ ಯೋಜನೆ ನಿಲ್ಲುತ್ತೆ. ಇನ್ನಾರು ತಿಂಗಳಲ್ಲಿ ಹೊಸ ತಳಿ ಬರುತ್ತೆ, ಈ ಗುಂಡಿ ಕೆಡದಂಥದ್ದು. ಅಲ್ಲೀವರೆಗೂ ಪಾತ್ರೆ ತೊಳೀರಿ ಅಂದ್ರೆ ಯಾರಿಗೆ ನಷ್ಟ? ತೊಳೆದ್ರೆ ಹಳೇದೂ ಹೋಗುತ್ತೆ."

"ಮಡಕೆ ತೊಳೆದ್ರೆ ಹೋಗಲ್ಲ ಸರ್. ಸೌಟಲ್ಲಿ ಎತ್ತಿಟ್ಟಿರ್ತಾರಲ್ಲ."

"ಆ ಪ್ಲೇಟುಗಳನ್ನ ಆಟೋಕ್ಲೇವಿಗೆ ಹಾಕಿ, ಪ್ಲೀಸ್," ಎಂದ ಅವನು, ಅವಳ ಮುಖ ನೋಡದೆ. ಆಟೋಕ್ಲೇವ್ ಅಂದರೆ ಹಬೆಯ ಕಡಾಯಿ. ಅದರೊಳಗೆ ಹೋದದ್ದು ಯಾವುದೂ ಮತ್ತೆ ಸಾಕ್ಷಿ ಹೇಳುವುದಿಲ್ಲ.

ವನಜ "ಆಯ್ತು ಸರ್" ಎಂದಳು. ಪ್ಲೇಟುಗಳಿಗೆ ಸುತ್ತಲೂ ಟೇಪು ಹಚ್ಚಿ, ಟಿಫಿನ್ ಕ್ಯಾರಿಯರಿನ ಮೂರು ಡಬ್ಬಿಗಳಲ್ಲಿ ತುಂಬಿ, ಐದೂಕಾಲಿನ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮನೆಗೆ ಬಂದಳು.

*

ಮನೆಯಲ್ಲಿ ಲಾಸ್ಯ ಗಂಜಿಯ ಅರ್ಧ ಬಟ್ಟಲನ್ನು ತಾನೇ ಕುಡಿದಿದ್ದಳು. ವನಜ ಟಾರ್ಚು ಹಿಡಿದು ಬಾಯಿ ನೋಡಿದಳು. ಅಂಬಲಿ ಬಿಟ್ಟು ಮೂರು ದಿನ. ಔಷಧಿ ಅದೇ ಹಳೆಯದು. ಅಂಗುಳದ ಬಿಳಿ ತೆಳುವಾಗಿತ್ತು, ಅಂಚಿನಲ್ಲಿ ಹೊಸ ಚರ್ಮ ಮೂಡುತ್ತಿತ್ತು.

"ಅತ್ತೆ, ನೋಡಿ ಇಲ್ಲಿ! ಕಮ್ಮಿ ಆಗ್ತಿದೆ."

"ನನ್ನ ಕೈ ಅಡುಗೆ ಬಿಟ್ಟ ಮೇಲೆ ಕಮ್ಮಿ ಆಯ್ತು ಅನ್ನು," ಎಂದರು ಹೊಂಬಾಳಮ್ಮ. ಅವರು ನೋಡಲು ಬರಲಿಲ್ಲ. ಬಚ್ಚಲ ಮೂಲೆಯಲ್ಲಿ ಮಡಕೆ ಬೋರಲು ಬಿದ್ದಿತ್ತು. ಎರಡು ದಿನದಿಂದ ಅವರು ಮನೆಯ ಅಷ್ಟೂ ಪಾತ್ರೆಗಳನ್ನು ಹೊರಗೆ ಹಾಕಿಕೊಂಡು ತಿಕ್ಕುತ್ತಲೇ ಇದ್ದರಂತೆ. ಬೆರಳ ತುದಿಗಳು ಸಿಪ್ಪೆ ಎದ್ದಿದ್ದವು.

ವನಜ ಅವರ ಕೈ ಹಿಡಿದುಕೊಳ್ಳಲು ಹೋದಳು. ಅವರು ಬಿಡಿಸಿಕೊಂಡರು.

"ನಾಳೆ ಸಭೆಗೆ ನಾನೂ ಬತ್ತೀನಿ. ಸೈನ್ ಮಾಡಿದ್ದೀನಲ್ಲ, ಏನ್ ಅಂತಾರೋ ಎದುರಿಗೇ ಅನ್ಲಿ."

ಲಾಸ್ಯ ಇಬ್ಬರ ಮುಖವನ್ನೂ ನೋಡಿದಳು. ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು.

*

ತಾಲ್ಲೂಕು ಸಭಾಂಗಣದಲ್ಲಿ ಕುರ್ಚಿಗಳೆಲ್ಲ ಮುಂದಿನ ಸಾಲಿನವರಿಗೆ. ತಾಯಂದಿರು, ಅಜ್ಜಿಯರು ಹಿಂದೆ ಜಮಖಾನದ ಮೇಲೆ, ಮಡಿಲಲ್ಲಿ ಬಾಯಿ ಮುಚ್ಚಿಕೊಂಡ ಮಕ್ಕಳು. ಇನ್ನೂರು ಮಕ್ಕಳಿದ್ದ ಆ ಕೋಣೆಯಲ್ಲಿ ಗಲಾಟೆಯೇ ಇರಲಿಲ್ಲ. ಅದನ್ನು ಗಮನಿಸಿದವರು ವೇದಿಕೆಯ ಮೇಲೆ ಯಾರೂ ಇದ್ದಂತಿರಲಿಲ್ಲ.

ಶ್ರೀವತ್ಸ ಪರದೆಯ ಮೇಲೆ ತೂಕದ ಗೆರೆ ಏರುವುದನ್ನು ತೋರಿಸಿದ. ಆಮೇಲೆ ಕೈ ತೊಳೆಯುವ ಚಿತ್ರ. ಆಮೇಲೆ ಒಂದು ಕರಿಹಿಡಿದ ಪಾತ್ರೆಯ ಚಿತ್ರ, ಎಲ್ಲಿಂದ ತಂದದ್ದೋ ಏನೋ. "ತಾಯಂದಿರು ಬೇಜಾರು ಮಾಡ್ಕೋಬಾರದು," ಎಂದ, ಬಹಳ ಮೆತ್ತಗೆ.

"ನಮ್ಮನೇಲಿ ಅಂತಾ ಪಾತ್ರೆ ಇಲ್ಲ ಕಣಪ್ಪೋ!" ಎಂದು ಹಿಂದಿನಿಂದ ಒಬ್ಬಳು ಕೂಗಿದಳು. "ನಿಮ್ಮನೇದೇನೋ ನೋಡ್ಕೋ!"

ನಗು ಎದ್ದಿತು. ಆರೋಗ್ಯಾಧಿಕಾರಿಣಿ ಮೇಜು ತಟ್ಟಿದರು. ಆ ನಗು ಅಡಗುವ ಮುಂಚೆಯೇ ವನಜ ಟಿಫಿನ್ ಕ್ಯಾರಿಯರ್ ಹಿಡಿದು ವೇದಿಕೆ ಹತ್ತಿಬಿಟ್ಟಿದ್ದಳು.

"ಮೇಡಂ, ನಾನು ಇದೇ ಘಟಕದ ಪರೀಕ್ಷಾಕೋಣೆಯವಳು. ಇವು ಕಾಳೇನಕೊಪ್ಪಲಿನ ಹತ್ತು ಮನೆ ಅಂಬಲಿ. ಇದು ಫ್ರೀಜರಿನದು. ನೀವೇ ನೋಡಿ."

ಅಧಿಕಾರಿಣಿ ಪ್ಲೇಟು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ವನಜ ಬಳೆಗಳನ್ನು ತೋರಿಸಿ ವಿವರಿಸಿದಳು, ಹಂಡೆ ಒಲೆ, ಸೌಟು, ಬಿಸಿ, ಕತ್ತರಿ, ಬೇಲಿ.

"ಪ್ಯಾಕೆಟ್ಟಿನ ಹಿಂದೆ ಸೂಚನೆ ಇದೆ ಮೇಡಂ," ಎಂದ ಶ್ರೀವತ್ಸ ಎದ್ದು ನಿಂತು. "ದಿನಾ ಹೊಸದು ಬಳಸಿ, ಉಳಿದದ್ದು ಚೆಲ್ಲಿ ಅಂತ."

"ಜವರಕ್ಕ!" ವನಜ ಸಭೆಯ ಕಡೆ ತಿರುಗಿದಳು. "ತಿಂಗಳಿಗೆ ಒಂದು ಮಗುವಿಗೆ ಎಷ್ಟು ಪ್ಯಾಕೆಟ್ ಬತ್ತವೆ?"

"ಹನ್ನೆರಡು ಕಣವ್ವ. ಮೊದಲ ತಿಂಗಳು ಒಂದು ಸಲ ಮೂವತ್ತು ಬಂದಿತ್ತು. ಆಮೇಕೆ ಹನ್ನೆರಡೇ."

"ಹನ್ನೆರಡು ಕೊಟ್ಟು ಮೂವತ್ತು ದಿನ ಕುಡಿಸಿ ಅಂದ್ರಿ. ತೂಕದ ಗೆರೆ ಮೂವತ್ತು ದಿನಾನೂ ಏರಿದೆ, ಈಗ ತಾನೇ ತೋರಿಸಿದ್ರಿ. ಉಳಿದ ಹದಿನೆಂಟು ದಿನದ ಅಂಬಲಿ ಯಾವ ಹೆಪ್ಪಿಂದ ಹುಳಿಯಾಯ್ತು ಸರ್? ಆಕಾಶದಿಂದ ಬಿತ್ತಾ? ಒಂಬೈನೂರು ಹಳ್ಳಿಯ ಲೆಕ್ಕ ಇಟ್ಟ ನಿಮ್ಮ ಕಂಪ್ಯೂಟರಿಗೆ ಮೂವತ್ತರಲ್ಲಿ ಹನ್ನೆರಡು ಕಳೆಯೋಕೆ ಬರಲಿಲ್ವಾ? ಈ ಹೆಂಗಸರು ಸೌಟಲ್ಲಿ ಎತ್ತಿಟ್ಟು ಕಾಪಾಡಿದ್ದಕ್ಕೇ ನಿಮ್ಮ ಗೆರೆ ಮೇಲೆ ಹೋಯ್ತು. ಅವರ ಕೈಲೇ ಕೊಳಕರು ಅಂತ ಸೈನ್ ಹಾಕಿಸ್ಕೊಂಡ್ರಿ!"

ಸಭೆ ಗೌಜಾಯಿತು. ಶ್ರೀವತ್ಸನ ಕುತ್ತಿಗೆ ಕೆಂಪಾಗಿತ್ತು. ಚೀಲದಿಂದ ಒಂದು ಕಂತೆ ಕಾಗದ ಹೊರತೆಗೆದ. ಮೆತ್ತಗಿನ ದನಿ ಹೋಗಿತ್ತು.

"ಇದು ಎರಡು ವರ್ಷದ ಹಿಂದಿನ ಸಮೀಕ್ಷೆ ಮೇಡಂ. ಹಳ್ಳಿಗಳಲ್ಲಿ ಉಳಿದ ಅಂಬಲಿ ಏನು ಮಾಡ್ತಾರೆ ಅಂತ ಕೇಳಿದ್ವಿ. ನಲವತ್ತು ಹಳ್ಳಿ. ನಲವತ್ತರಲ್ಲೂ 'ಚೆಲ್ಲುತ್ತಾರೆ'. ಭರ್ತಿ ಮಾಡಿದವರ ಸಹಿ ಓದಿ ದಯವಿಟ್ಟು."

ಅಧಿಕಾರಿಣಿ ಓದಿದರು. "ವನಜಾಕ್ಷಿ."

ಗೌಜು ನಿಂತಿತು.

ಜಮಖಾನದ ಮೇಲೆ ಹೊಂಬಾಳಮ್ಮ ಕೂತಿದ್ದರು, ಲಾಸ್ಯ ಅವರ ಮಡಿಲಲ್ಲಿ. ಇಬ್ಬರೂ ತನ್ನನ್ನೇ ನೋಡುತ್ತಿದ್ದದ್ದು ವನಜಳಿಗೆ ಕಂಡಿತು. ಇಲ್ಲಿಗೆ ಬರುವಾಗಲೇ ಈ ಕಾಗದ ಬಂದರೂ ಬರಬಹುದೆಂದು ಅವಳಿಗೆ ಗೊತ್ತಿತ್ತು.

"ಹೌದು, ನನ್ನದೇ ಸಹಿ," ಎಂದಳು. "ನನ್ನದೇ ಸುಳ್ಳು. ಹಳ್ಳಿಗೆ ಹೋಗೋಕೆ ಜೀಪು ಇಲ್ಲ, ಟೈಮು ಇಲ್ಲ ಅಂದ್ರು. ನೀವೇ ಹಳ್ಳಿಯವರಲ್ವಾ, ನೀವೇ ಬರೆದ್ಬಿಡಿ ಅಂದ್ರು. ಗಾಜಿನ ಕೋಣೇಲಿ ಒಂದು ಮಧ್ಯಾಹ್ನ ಕೂತು ನಲವತ್ತು ಹಳ್ಳಿ ಬರೆದೆ. ಎದುರಿಗೆ ಸಿಟಿಯಿಂದ ಬಂದಿದ್ದ ಹುಡುಗಿ ಒಬ್ಬಳು, ಅಯ್ಯೋ, ನಿನ್ನೆದನ್ನೇ ಇಟ್ಕೊಂಡು ಕುಡೀತಾರಾ, ಅದೂ ಬಚ್ಚಲಲ್ಲಿ ಇಟ್ಟು, ಅಂತ ಮೂಗು ಮುರಿದಳು. ನಮ್ಮನೇಲೂ ಹಂಗೇ ಅಂತ ಹೇಳೋಕೆ ನನಗೆ ನಾಚಿಕೆ ಆಯ್ತು. ಚೆಲ್ಲುತ್ತಾರೆ ಅಂತ ಬರೆದೆ. ನನ್ನ ಮಗಳೂ ಹದಿನಾಲ್ಕು ದಿನದಿಂದ ಮಾತಾಡಿಲ್ಲ. ಅದು ನನ್ನ ಪಾಲಿನ ಶಿಕ್ಷೆ, ನಾನು ಹೊರ್ತೀನಿ."

ಅವಳು ಶ್ರೀವತ್ಸನ ಕಡೆ ತಿರುಗಿದಳು.

"ಆದರೆ ನಲವತ್ತು ಹಳ್ಳಿಯ ಸಮೀಕ್ಷೆ ಒಂದೇ ಕೈಬರಹದಲ್ಲಿ, ಒಂದೇ ತಾರೀಖಲ್ಲಿ, ಒಂದೇ ಪೆನ್ನಲ್ಲಿ ಬಂದಾಗ ನಿಮಗೆ ಅವತ್ತು ಕಾಣಲಿಲ್ವಾ ಸರ್? ಬೇಕಾದ ಉತ್ತರ ಬಂತು, ಕಣ್ಣು ಮುಚ್ಕೊಂಡ್ರಿ. ನಾನು ನಾಚಿಕೆಗೆ ಸುಳ್ಳು ಹೇಳಿದೆ. ನಿನ್ನೆ ಈ ಪ್ಲೇಟು ನೋಡಿದ ಮೇಲೂ ಕಡಾಯಿಗೆ ಹಾಕು ಅಂದ್ರಲ್ಲ, ಅದು ಯಾವುದಕ್ಕೆ?"

ಶ್ರೀವತ್ಸ ತನ್ನ ಕುರ್ಚಿಗೆ ಮರಳಿ ಕೂತ.

ಅಧಿಕಾರಿಣಿ ಒಂದು ಪ್ಲೇಟು, ಒಂದು ಕಾಗದ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಹೆಪ್ಪು ಇವತ್ತಿನಿಂದಲೇ ಬಂದ್, ಮನೆಗಳಲ್ಲಿ ಎತ್ತಿಟ್ಟಿದ್ದನ್ನೆಲ್ಲ ಕುದಿಸಿ ಚೆಲ್ಲಬೇಕು, ಮಡಕೆಗಳನ್ನು ಕುದಿಯುವ ನೀರಲ್ಲಿ ತೊಳೆಯಬೇಕು, ಎಲ್ಲ ಮಕ್ಕಳಿಗೂ ಮತ್ತೊಮ್ಮೆ ಔಷಧಿ ಎಂದರು. ಸಹಿಯ ಹಾಳೆಗಳ ಬಗ್ಗೆ ಮೇಲಿನವರನ್ನು ಕೇಳಬೇಕು ಎಂದರು. ಅದನ್ನು ಕೇಳಿದ್ದೇ ಜವರಮ್ಮ ಕಾಳೇನಕೊಪ್ಪಲಿನ ಕಂತೆಯನ್ನು ಮೇಜಿನಿಂದ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿದಳು. "ಕೇಳ್ಕೊಂಡು ಬನ್ನಿ ಮೇಡಂ. ಅಲ್ಲೀಗಂಟ ನನ್ನತ್ರ ಇರ್ಲಿ."

*

ಹೊರಗೆ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸರು ವನಜಳನ್ನು ಸುತ್ತಿಕೊಂಡರು. ಒಬ್ಬಳು ಬೆನ್ನು ತಟ್ಟಿದಳು. ಇನ್ನೊಬ್ಬಳು, "ನಲವತ್ತು ಹಳ್ಳಿ ಒಬ್ಬಳೇ ಬರೆದ್ಯಾ? ಏನ್ ಗಟ್ಟಿಗಿತ್ತಿಯೇ!" ಎಂದಳು. ಅದು ಹೊಗಳಿಕೆಯೋ ಚುಚ್ಚಿದ್ದೋ ತಿಳಿಯಲಿಲ್ಲ. ನಳಿಕೆ ಹಾಕಿಸಿಕೊಂಡಿದ್ದ ಮಗುವಿನ ತಾಯಿ ಮಾತ್ರ ದೂರ ನಿಂತು ನೋಡಿ ಬೇರೆ ಬಸ್ಸಿಗೆ ಹತ್ತಿದಳು. ನಾಳೆ ಕೆಲಸಕ್ಕೆ ಬರಬೇಡಿ ಎಂಬ ಸಂದೇಶ ಆಗಲೇ ಫೋನಿಗೆ ಬಂದಿತ್ತು. ವನಜ ಅದನ್ನು ಓದಿ ಫೋನನ್ನು ಚೀಲಕ್ಕೆ ಹಾಕಿದಳು. ಮೈಯೆಲ್ಲ ಇನ್ನೂ ಉರಿಯುತ್ತಿತ್ತು. ಇನ್ನೂ ನಾಲ್ಕು ಮಾತು ಅನ್ನಬೇಕಿತ್ತು ಅವನಿಗೆ, ಇನ್ನೂ ನಾಲ್ಕು.

ಹೊಂಬಾಳಮ್ಮ ಆ ಗು‍ಂಪಿನಲ್ಲಿ ಇರಲಿಲ್ಲ. ಕಲ್ಲುಬೆಂಚಿನ ತುದಿಯಲ್ಲಿ, ಸಿಪ್ಪೆ ಎದ್ದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ರಸ್ತೆ ನೋಡುತ್ತ ಕೂತಿದ್ದರು. ವನಜ ಹೋಗಿ ಪಕ್ಕದಲ್ಲಿ ಕೂತಳು. ಏನು ಹೇಳುವುದು? ಶ್ರೀವತ್ಸನಿಗೆ ಹೇಳಲು ಅಷ್ಟೊಂದು ಮಾತಿತ್ತು. ಇಲ್ಲಿ ಒಂದೂ ಹುಟ್ಟಲಿಲ್ಲ.

ಲಾಸ್ಯ ಇಬ್ಬರ ನಡುವೆ ನುಸುಳಿ ನಿಂತಳು. ಅಜ್ಜಿಯ ಮುಖ ನೋಡಿದಳು, ಅಮ್ಮನ ಮುಖ ನೋಡಿದಳು. ತುಟಿ ನೆಕ್ಕಿಕೊಂಡಳು. ಎಂಜಲು ನುಂಗಿದಳು. ನೋವಿಗೆ ಕಣ್ಣು ಕಿರಿದಾಯಿತು. ಆದರೂ ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ.

ದನಿ ಒಡೆದಿತ್ತು, ತೊದಲುತ್ತಿತ್ತು. ಆದರೆ ಬೆಂಚಿನ ಆ ತುದಿಗೂ ಕೇಳುವಷ್ಟು ಗಟ್ಟಿಯಿತ್ತು.

"ಅಮ್ಮಾ, ಅಜ್ಜಿ ಅಂಬ್ಲಿ ಮಾಡೋದು ಹೇಳಕ್ಕೆ ನಿಂಗ್ಯಾಕೆ ನಾಚ್ಕೆ ಆಯ್ತು?"